ಓಟಗಾರನ ಬುತ್ತಿ

ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ೧೯೨೦ನೆಯ ಇಸವಿ ಆಗಸ್ಟ್ ೨೨ರಂದು ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ಆ ವರ್ಷದ ದಾರಿ ೪೨.೭೫ ಕಿಲೋಮೀಟರು, ಇಂದು ಗೊತ್ತುಪಡಿಸಿರುವ ೪೨.೧೯೫ ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿನಷ್ಟು ಮಿಕ್ಕದ್ದು. ಗೆದ್ದವರು ಫಿನ್ಲೆಂಡಿನ ಹ್ಯಾನ್ನೆಸ್ ಕೋಲೆಮೈನೆನ್. ನಮ್ಮ ಚೌಗುಲೆಯವರು ೨ ಗಂಟೆ ೫೦ ನಿಮಿಷಗಳ ಮೇಲೆ ಮುಕ್ಕಾಲು ನಿಮಿಷದಷ್ಟರಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು.

ಇಂಥ ಓಟದಲ್ಲಿ ಮುಕ್ಕಾಲು ದಾರಿ ಚೆನ್ನಾಗಿಯೇ ಬಂದವನು ಒಮ್ಮೆಲೆ ಕುಸಿಯುವುದುಂಟು. ಕಾಲು ಕಲ್ಲಾಗುತ್ತದೆ, ತಲೆ ಸುತ್ತುತ್ತದೆ. ಎದೆಗಾರಿಕೆ ಸಾಲಲಿಲ್ಲವೆಂದು ನೋಡುವವರು ಆಡಿಕೊಳ್ಳುತ್ತಾರೆ. ಈ ತೀರ್ಪು ಸರಿಯೆ?

ಲೆಕ್ಕ ಹಾಕಿ ನೋಡೋಣ. ೬೦ ಕಿಲೋಗ್ರಾಮ್ ತೂಕದವನೊಬ್ಬನು ಒಂದು ಕಿಲೋಮೀಟರು ಓಡಲು ಸುಮಾರು ೬೦ ಕಿಲೋಕ್ಯಾಲರಿ ಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿ ಮತ್ತೆ ಹುಬ್ಬಳ್ಳಿಗೆ ಬಂದರೆ ಮ್ಯಾರಥಾನಿಗೆ ತುಸುವೇ ಕಡಿಮೆ. ಅದಕ್ಕೆ ೨೪೦೦ ಕಿಲೋಕ್ಯಾಲರಿಯ ಆಸುಪಾಸು ಬೇಕಾಗುವುದು. ಇದು ಎಲ್ಲಿಂದ ಬರಬೇಕು?

ನಮ್ಮ ಮೈಯಲ್ಲಿ ಎರಡು ಸಂಗ್ರಹಗಳಿವೆ. ಒಂದು ಗ್ಲೈಕೋಜನ್, ಅಂದರೆ ಪಿಷ್ಟದಂಥ ವಸ್ತು. ಇದು ಯಕೃತ್ತಿನಲ್ಲಿ ಸುಮಾರು ೧೦೦ ಗ್ರಾಮ್, ಸ್ನಾಯುಗಳಲ್ಲಿ ಸುಮಾರು ೪೦೦ ಗ್ರಾಮ್ ಇರುತ್ತದೆ. ಎಲ್ಲ ಕೂಡಿ ೨೦೦೦ ಕಿಲೋಕ್ಯಾಲರಿ. ಇನ್ನೊಂದು ಕೊಬ್ಬು, ಬಡಕಲು ಓಟಗಾರನಲ್ಲಿಯೂ ಅದು ಹತ್ತಾರು ಸಾವಿರ ಕಿಲೋಕ್ಯಾಲರಿಯಷ್ಟಿರುತ್ತದೆ. ಗ್ಲೈಕೋಜನ್ ಅಡಿಗೆಮನೆಯ ಹಿಟ್ಟಿನ ಡಬ್ಬಿಯಾದರೆ ಕೊಬ್ಬು ಅಂಗಳದ ಹಗೇವು. ಹಗೇವಿನಲ್ಲಿ ವರ್ಷದ ಜೋಳವಿದ್ದರೇನು? ಅದನ್ನು ತೆಗೆದು, ಬೀಸಿ, ರೊಟ್ಟಿ ಬಡಿಯುವಷ್ಟರಲ್ಲಿ ಹೊತ್ತಾಗುತ್ತದೆ. ವೇಗವಾಗಿ ಓಡುವಾಗ ಕೊಬ್ಬೊಂದೇ ಬೇಡಿಕೆಗೆ ಸಾಲದು. ಹೆಚ್ಚಿನ ಪಾಲು ಡಬ್ಬಿಯಿಂದಲೇ ಹೋಗಬೇಕು. ಅದರ ಮೇಲೆ, ತೋಳಿನ ಸ್ನಾಯುವಿನಲ್ಲಿದ್ದ ಗ್ಲೈಕೋಜನ್ ಸಕ್ಕರೆಯಾಗಿ ಕಾಲಿಗೆ ಹೋಗಲಾರದು. ಹೀಗಾಗಿ ಸಾಮಾನ್ಯವಾಗಿ ೩೦ ಕಿಲೋಮೀಟರು ದಾಟಿದ ಮೇಲೆ ಡಬ್ಬಿಯ ತಳ ಕಾಣುತ್ತದೆ. ನಮ್ಮ ದಾರಿಯಲ್ಲಿ ಅದು ಮರಳಿ ಬರುವಾಗ ಅಮರಗೋಳದ ಹತ್ತಿರ. ಹುಬ್ಬಳ್ಳಿ ಇನ್ನೂ ಏಳೆಂಟು ಕಿಲೋಮೀಟರು ದೂರ ಉಳಿದಿರುತ್ತದೆ.

ಈ ಗುಟ್ಟು ತಿಳಿದ ಬಗೆಯೂ ಒಂದು ದೂರದ ಓಟವೇ. ಫ್ರಾನ್ಸಿನ ಕ್ಲೋಡ್ ಬರ್ನಾರ್ಡನು ೧೮೫೭ರಲ್ಲಿ ಯಕೃತ್ತಿನಿಂದ ಗ್ಲೈಕೋಜನನ್ನು ಬೇರ್ಪಡಿಸಿದನು. ಚೌಗುಲೆಯವರು ಓಡಿದ ೧೯೨೦ರಲ್ಲಿಯೇ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಲಿಂಡ್‌ಹಾರ್ಡ್ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ನಿಂತಲ್ಲಿಯೇ ನಿಂತ ಸೈಕಲ್ಲನ್ನು ತುಳಿಯುವವರ ಉಸಿರನ್ನು ಅಳೆದು, ಅದೇ ಕೆಲಸವನ್ನು ಕೊಬ್ಬಿನ ಬಲದಿಂದ ಮಾಡಿದರೆ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚು ಶಕ್ತಿ ವೆಚ್ಚವಾಗುವುದೆಂದು ಅವರು ತೋರಿಸಿದರು. ೧೯೨೪ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಮ್ಯಾರಥಾನ್ ಮುಗಿಸಿದವರ ರಕ್ತವನ್ನು ಪರೀಕ್ಷಿಸಿದರು. ತೀರ ಬಳಲಿದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿತ್ತು. ಮರುವರ್ಷ ಓಟದ ಮುನ್ನಾದಿನ ಪಿಷ್ಟದ ಊಟವನ್ನೂ ಓಟದ ನಡುವೆ ಮಿಠಾಯಿಯನ್ನೂ ಕೊಟ್ಟಾಗ ಓಟಗಾರರು ಗೆಲುವಾಗಿ ಗುರಿ ಮುಟ್ಟಿದರು.

೧೯೬೬ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಸ್ವಂತ ಮೈಯ ಮೇಲೆಯೇ ಪ್ರಯೋಗ ನಡೆಸಿದರು. ಇಬ್ಬರೂ ಒಂದೊಂದೇ ಕಾಲಿನಿಂದ ಸೈಕಲ್ ತುಳಿದು ದಣಿದರು. ಬಳಿಕ ಮೂರು ದಿನ ಪಿಷ್ಟಪ್ರಧಾನವಾದ ಊಟ ಮಾಡಿದರು. ಸೂಜಿಯಿಂದ ಸ್ನಾಯುವಿನ ತುಣುಕು ತೆಗೆದು ನೋಡಿದಾಗ, ದಣಿದ ಕಾಲಿನಲ್ಲಿ ಗ್ಲೈಕೋಜನ್ ಇನ್ನೊಂದು ಕಾಲಿನ ಇಮ್ಮಡಿಯಷ್ಟು ಕೂಡಿತ್ತು. ದುಡಿದ ಸ್ನಾಯುವೇ ಹೆಚ್ಚು ಗಳಿಸಿಟ್ಟುಕೊಂಡಿತ್ತು!

ಇದರಿಂದ ನಮ್ಮ ತರುಣರು ತಿಳಿಯಬೇಕಾದುದೇನು? ತಿಂಗಳುಗಟ್ಟಲೆ ದೂರದ ಓಟದ ಅಭ್ಯಾಸ ಮಾಡಿದ ಮೈ ಕೊಬ್ಬನ್ನು ಬಳಸುವುದನ್ನು ಕಲಿಯುತ್ತದೆ, ಡಬ್ಬಿಯನ್ನು ಉಳಿಸುತ್ತದೆ. ಮೊದಲೇ ಮಿತಿಮೀರಿ ಧಾವಿಸಿದವನು ಡಬ್ಬಿಯನ್ನು ಬೇಗ ಬರಿದು ಮಾಡುತ್ತಾನೆ. ಓಟಕ್ಕೆ ಮುಂಚಿನ ಎರಡು ದಿನ ಅನ್ನ, ರೊಟ್ಟಿ ಹೊಟ್ಟೆತುಂಬ ಇರಲಿ. ದಾರಿಯಲ್ಲಿ ಬಳಲುವ ಮುನ್ನವೇ ಬಾಳೆಹಣ್ಣೋ ಬೆಲ್ಲದ ನೀರೋ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆ ಸೇರಲಿ. ಯಾವುದು ಒಗ್ಗುತ್ತದೆಂಬುದನ್ನು ಅಭ್ಯಾಸದ ದಿನಗಳಲ್ಲಿಯೇ ಕಂಡುಕೊಳ್ಳಬೇಕು.

ಹಿರಿಯರಿಗೂ ಒಂದು ಮಾತು. ಊರ ಓಟದ ಪಂದ್ಯದಲ್ಲಿ ಹುಡುಗನೊಬ್ಬನು ದಾರಿಯಲ್ಲಿ ತಡವರಿಸಿದರೆ ಅವನನ್ನು ಹೇಡಿಯೆನ್ನಬೇಡಿ. ಮೊದಲು ಅವನನ್ನು ನೆರಳಿಗೆ ಕರೆದೊಯ್ದು ಕೂಡ್ರಿಸಿರಿ. ಎಚ್ಚರವಾಗಿದ್ದು ನುಂಗಬಲ್ಲನಾದರೆ ಒಂದಿಷ್ಟು ಸಿಹಿ ಕೊಡಿರಿ. ಮಂಕಾಗಿ ಮಾತು ತೊದಲುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಆ ಮೇಲೆ ಬೆಳಿಗ್ಗೆ ಏನು ಉಂಡಿದ್ದನೆಂದು ಕೇಳಿರಿ. ಎಷ್ಟೋ ಸಲ ಅವನು ಏನನ್ನೂ ಉಂಡಿರುವುದಿಲ್ಲ.