ಒಕ್ಕದ ಹನ್ನೊಂದು ಮಂದಿ

ಕೊಡಗಿನಲ್ಲಿ ಇಷ್ಟೊಂದು ಹಾಕಿ ಆಟಗಾರರು ಯಾಕೆ ಎಂದು ಯಾರನ್ನಾದರೂ ಕೇಳಿ, 'ಅದು ರಕ್ತದಲ್ಲೇ ಬಂದಿದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಕ್ರೀಡೆಯ ಸಾಮಾಜಿಕ ಇತಿಹಾಸವನ್ನು ಓದುತ್ತಿರುವ ನನಗೆ ಈ ಉತ್ತರದ ಮೇಲೆ ಮೊದಲಿನಿಂದಲೂ ಅನುಮಾನ. 'ವೀರ ಜನಾಂಗ' ಎಂಬ ಪಟ್ಟ ಬ್ರಿಟಿಷರು ತಮ್ಮ ಸೇನೆಯ ಅನುಕೂಲಕ್ಕೆ ಹಂಚಿದ್ದು. ನಾವು ಅದನ್ನೇ ಇನ್ನೂ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೇವೆ.

ಎಂ.ಪಿ. ಗಣೇಶ್ ಅವರನ್ನೇ ನೋಡಿ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ. ಹುಡುಗನಾಗಿದ್ದಾಗ ಅವರು ಆಡುತ್ತಿದ್ದದ್ದು ಫುಟ್‌ಬಾಲ್! ಹಾಕಿಯಲ್ಲಿ ಹೆಸರು ಮಾಡಿದ್ದು ಸೇನೆ ಸೇರಿದ ಮೇಲೆ. ರಕ್ತದಲ್ಲಿ ಹಾಕಿಯೇ ಇದ್ದಿದ್ದರೆ ಅದು ಫುಟ್‌ಬಾಲ್ ಮೈದಾನಕ್ಕೆ ದಾರಿ ತಪ್ಪಿ ಹೋಗುತ್ತಿತ್ತೇ? 1834ರಲ್ಲಿ ಕೊಡಗು ಕಂಪನಿಯ ಕೈಸೇರಿತು. ಕಾಲಕ್ರಮದಲ್ಲಿ ಸೇನೆಯ ಉದ್ಯೋಗ ಅಲ್ಲಿನ ಮನೆಮನೆಯ ಮಾತಾಯಿತು. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಸೇನೆಯ ಅತ್ಯುನ್ನತ ಹುದ್ದೆಗೇರಿದರು. ರಜೆಗೆ ಬಂದ ಚಿಕ್ಕಪ್ಪನ ಜೊತೆಗೆ ಹಾಕಿ ಕೋಲೂ ಊರಿಗೆ ಬರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಆದರೆ ಸೇನೆಯ ಕಥೆ ಅರ್ಧ ಮಾತ್ರ. ಉಳಿದರ್ಧ ಶುರುವಾಗುವುದು 1997ರಲ್ಲಿ, ಕರಡ ಗ್ರಾಮದಲ್ಲಿ. ಹಾಕಿ ತೀರ್ಪುಗಾರರಾಗಿದ್ದ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಒಂದು ಪಂದ್ಯಾವಳಿ ನಡೆಸಿದರು. ಆ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳಾಗಿ ಗಿನ್ನೆಸ್ ದಾಖಲೆಯಾಯಿತು.

ಇದರ ಗುಟ್ಟು ತಂಡದ ಕಟ್ಟುವಿಕೆಯಲ್ಲಿದೆ. ಇಲ್ಲಿ ಆಡುವುದು ಕ್ಲಬ್ಬಲ್ಲ, ಶಾಲೆಯಲ್ಲ, ಒಕ್ಕ: ಒಬ್ಬ ಮೂಲಪುರುಷನಿಂದ ಬಂದ, ಒಂದು ಐನ್‌ಮನೆಗೆ ಸೇರಿದ ಬಳಗ. ಮೈದಾನಕ್ಕೆ ಹನ್ನೊಂದು ಮಂದಿ ಬೇಕು. ಸಣ್ಣ ಒಕ್ಕಕ್ಕೆ ಅದೇನು ಸುಲಭವೇ? ಬೆಂಗಳೂರಿನ ಐಟಿ ಹುಡುಗನಿಗೆ ಫೋನು ಹೋಗುತ್ತದೆ, ಹೈಸ್ಕೂಲು ಹುಡುಗಿಯ ಕೈಗೆ ಕೋಲು ಬರುತ್ತದೆ, ಮೊಣಕಾಲು ನೋವಿನ ದೊಡ್ಡಪ್ಪ ಗೋಲಿನಲ್ಲಿ ನಿಲ್ಲುತ್ತಾನೆ. ಗಂಡು-ಹೆಣ್ಣು ಒಂದೇ ತಂಡದಲ್ಲಿ. ಚೆನ್ನಾಗಿ ಆಡುವವರನ್ನು ಮಾತ್ರ ಆರಿಸಿ ಉಳಿದವರನ್ನು ಬೆಂಚಿಗೆ ಕೂರಿಸುವ ನಮ್ಮ ಶಾಲಾ ಕ್ರೀಡೆಗೆ ಇದು ತದ್ವಿರುದ್ಧ. 'ನನಗೆ ಆಟ ಬರೋಲ್ಲ' ಎನ್ನುವ ಮಗುವಿಗೆ ಶಾಲೆಯಲ್ಲಿ ಸಿಗುವ ವಿನಾಯಿತಿ ಇಲ್ಲಿ ಸುಲಭಕ್ಕೆ ಸಿಗದು. ಅದು ಬರದಿದ್ದರೆ ಅಜ್ಜನ ಹೆಸರಿನ ತಂಡಕ್ಕೆ ಒಬ್ಬರು ಕಡಿಮೆ.

ಇದರಲ್ಲಿ ಒತ್ತಾಯವೂ ಇದೆ, ನಿಜ. ಆದರೂ ವ್ಯಾಯಾಮದ ಮೇಲಿನ ಎಷ್ಟೋ ಉಪದೇಶಗಳಿಗಿಂತ ಆ ಫೋನ್ ಕರೆಗೆ ಬಲ ಹೆಚ್ಚು ಎಂದೇ ನನ್ನ ಅಂದಾಜು.

ಮುಂದಿನ ಪ್ರಶ್ನೆ ತುಸು ಕಸಿವಿಸಿಯದು. ಒಕ್ಕದ ಹೆಸರೇ ಪ್ರವೇಶಪತ್ರವಾದಾಗ ಆ ಹೆಸರಿಲ್ಲದವರ ಗತಿ? ಕೊಡಗಿನ ಗೌಡ ಕುಟುಂಬಗಳು ಕ್ರಿಕೆಟ್‌ನಲ್ಲಿ ತಮ್ಮದೇ ಪಂದ್ಯಾವಳಿ ಕಟ್ಟಿಕೊಂಡವು. ಕುಟುಂಬದ ಹೆಸರು, ಒಂದಿಷ್ಟು ಜಮೀನು, ಖರ್ಚು ಹೊರುವ ನೆಂಟರು ಇದ್ದವರಿಗೆ ಈ ಮಾದರಿ ಒಗ್ಗುತ್ತದೆ. ಅದೇ ಜಿಲ್ಲೆಯ ಕಾಫಿ ತೋಟದ ಲೈನ್‌ಮನೆಗಳಲ್ಲೂ ಮಕ್ಕಳು ಬೆಳೆಯುತ್ತಿದ್ದಾರೆ. ಅವರ ಅಪ್ಪ-ಅಮ್ಮ ಕೆಲಸ ಹುಡುಕಿ ತೋಟದಿಂದ ತೋಟಕ್ಕೆ ಹೋಗುವವರು. ಏಪ್ರಿಲ್‌ನ ಆ ಮೈದಾನದ ಅಂಚಿನಲ್ಲಿ ಅವರೂ ನಿಂತು ಪಂದ್ಯ ನೋಡಬಹುದು, ಚೆಂಡು ಹೊರಗೆ ಬಂದರೆ ಎತ್ತಿ ಎಸೆಯಲೂಬಹುದು. ಆದರೆ ಅವರಿಗೆ ಫೋನು ಮಾಡಿ ಕರೆಯಲು ಐನ್‌ಮನೆಯಿಲ್ಲ.