ತಾಳಿಕೋಟೆ ಪಾಠ ಮತ್ತು ತಲೆ ತಗ್ಗಿಸುವ ಮಕ್ಕಳು

1565ರ ತಾಳಿಕೋಟೆ ಯುದ್ಧ, ನಮ್ಮ ಕಡೆ ರಕ್ಕಸತಂಗಡಿ ಅಂತಲೂ ಕರೀತಾರೆ, ಪಾಠದಲ್ಲಿ ಹೆಚ್ಚೆಂದರೆ ಅರ್ಧ ಪುಟ. ಆದರೆ 'ಸುಲ್ತಾನರು ಒಂದಾಗಿ ವಿಜಯನಗರವನ್ನು ನಾಶ ಮಾಡಿದರು' ಎಂಬ ವಾಕ್ಯ ಓದಿದ ಕೂಡಲೇ ತರಗತಿಯಲ್ಲಿ ಕೆಲವು ಮಕ್ಕಳು ತಲೆ ತಗ್ಗಿಸುತ್ತಾರೆ, ಇನ್ನು ಕೆಲವರು ತಿರುಗಿ ಅವರನ್ನೇ ನೋಡುತ್ತಾರೆ. ಹದಿಮೂರು ವರ್ಷದ ಹುಡುಗ ನಾಲ್ಕೂವರೆ ಶತಮಾನದ ಹಿಂದಿನ ದಂಡಿಗೆ ಜವಾಬು ಕೊಡಬೇಕಾದವನಂತೆ ಕೂತಿರುತ್ತಾನೆ.

ಇದನ್ನು ಭಾಷಣದಿಂದ ಸರಿಪಡಿಸೋಕೆ ಆಗಲ್ಲ. 'ಆಗ ಎಲ್ಲರೂ ಅಣ್ಣತಮ್ಮಂದಿರಂತಿದ್ದರು' ಅಂದರೆ ಮಕ್ಕಳು ನಂಬೋದಿಲ್ಲ, ನಂಬಬೇಕಾಗಿಯೂ ಇಲ್ಲ. ಹೈದರಾಬಾದಿನಲ್ಲಿ ಪಾಠ ಮಾಡುವ ನನಗೆ ನೆರವಾಗೋದು ಗೋಲ್ಕೊಂಡ. ಆ ಯುದ್ಧಕ್ಕೆ ಸೈನ್ಯ ತಂದ ಸುಲ್ತಾನರಲ್ಲಿ ಒಬ್ಬನಾದ ಇಬ್ರಾಹಿಂ ಕುತುಬ್ ಶಾಹನ ಗೋರಿ ಕೋಟೆಯ ಹತ್ತಿರವೇ ಇದೆ. ಮಕ್ಕಳು ಪಿಕ್ನಿಕ್‌ಗೆ ಹೋಗಿ ನೋಡಿರುತ್ತಾರೆ.

1543ರಲ್ಲಿ ಅಣ್ಣ ಜಮ್ಷೀದ್ ಗದ್ದುಗೆ ಹಿಡಿದಾಗ ಇಬ್ರಾಹಿಂ ಜೀವ ಉಳಿಸಿಕೊಳ್ಳಲು ಓಡಿದ. ಕೊನೆಗೆ ಆಶ್ರಯ ಸಿಕ್ಕಿದ್ದೆಲ್ಲಿ? ಬಿಜಾಪುರ ಅಂತಾರೆ, ದಿಲ್ಲಿ ಅಂತಾರೆ. ಅಲ್ಲ, ವಿಜಯನಗರದಲ್ಲಿ, ರಾಮರಾಯನ ಬಳಿ. ಸುಮಾರು ಏಳು ವರ್ಷ ಅಲ್ಲೇ ಇದ್ದು, 1550ರಲ್ಲಿ ಮರಳಿ ಬಂದು ಸುಲ್ತಾನನಾದ. ತೆಲುಗು ಕವಿಗಳಿಗೆ ಅವನು ಮಲ್ಕಿಭರಾಮ. ಹದಿನೈದು ವರ್ಷದ ನಂತರ ಅದೇ ರಾಮರಾಯನ ಎದುರು ನಿಂತ.

'ಹಾಗಾದ್ರೆ ಅವನು ನಮಕ್‌ಹರಾಮ್ ಅಲ್ವಾ?' ಅಂತ ಯಾರಾದರೂ ಕೇಳೇ ಕೇಳ್ತಾರೆ. ನೋಡಿ, ಮಾತು ಧರ್ಮದಿಂದ ಋಣಕ್ಕೆ ಬಂತು! ಈಗ ಬೋರ್ಡಿನ ಮೇಲೆ ಯಾರು ಯಾವಾಗ ಯಾರ ಜೊತೆಗಿದ್ದರು ಅಂತ ಬರೆಯಬಹುದು. ಕೃಷ್ಣದೇವರಾಯನಿಗೆ 'ಯವನರಾಜ್ಯ ಸ್ಥಾಪನಾಚಾರ್ಯ' ಎಂಬ ಬಿರುದಿತ್ತು. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾಹ ಸಾಂತ್ವನ ಹೇಳಲು ತಾನೇ ವಿಜಯನಗರಕ್ಕೆ ಹೋಗಿದ್ದನೆಂದು ಫೆರಿಶ್ತಾ ಬರೆದಿದ್ದಾನೆ. ಆಮೇಲೆ ಇಬ್ಬರೂ ಕೂಡಿ ದಂಡೆತ್ತಿ ಹೋದದ್ದು ಇನ್ನೊಬ್ಬ ಸುಲ್ತಾನನ ಅಹ್ಮದನಗರದ ಮೇಲೆ. ರಾಮರಾಯ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತಾ ಹೋದ, ಬಲವೂ ಬೆಳೆಯಿತು, ವೈರವೂ ಬೆಳೆಯಿತು. ಕೊನೆಗೆ ಅಹ್ಮದನಗರದ ಹುಸೇನ್ ನಿಜಾಮ್ ಶಾಹ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಮದುವೆ ಮಾಡಿಕೊಟ್ಟು ಹಗೆ ಮುಗಿಸಿಕೊಂಡ. ಒಕ್ಕೂಟ ಕೂಡಿದ್ದು ಹೀಗೆ.

ಇಷ್ಟಾದ ಮೇಲೆ ನಮ್ಮ ಮಕ್ಕಳು ಖುಷಿಯಿಂದ 'ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ' ಅಂತಾರೆ. ಅಲ್ಲೂ ತಡೆಯಬೇಕು. ಮೇಷ್ಟ್ರಿಗೆ ಕಷ್ಟ ಇರೋದೇ ಇಲ್ಲಿ. ಅಹ್ಮದನಗರದ ದಂಡಯಾತ್ರೆಯಲ್ಲಿ ರಾಮರಾಯನ ಸೈನಿಕರು ಮಸೀದಿಗಳಿಗೆ ಅಪಚಾರ ಮಾಡಿದರು ಅಂತ ಬರೆದವನೂ ಅದೇ ಫೆರಿಶ್ತಾ. ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ, ಯುದ್ಧವಾಗಿ ಸುಮಾರು ನಲವತ್ತು ವರ್ಷದ ಮೇಲೆ. ಅಷ್ಟಕ್ಕೇ ಅವನು ಸುಳ್ಳುಗಾರನಾ? ಹಾಗಾದ್ರೆ ಸಾಂತ್ವನದ ಕಥೆಯನ್ನು ಮಾತ್ರ ನಾವು ನಂಬಿದ್ದು ಯಾಕೆ? ಹಂಪಿ ಪ್ರವಾಸದ ಫೋಟೋಗಳೂ ಇವೆ. ಮೂಗು ಮುರಿದ ವಿಗ್ರಹಗಳು ಅಲ್ಲಿ ಕಾಣುತ್ತವೆ, ಇವತ್ತಿಗೂ ಪೂಜೆ ನಡೆಯುವ ವಿರೂಪಾಕ್ಷ ದೇವಸ್ಥಾನವೂ ಕಾಣುತ್ತದೆ. ಒಂದನ್ನು ಮಾತ್ರ ತೋರಿಸಿದರೆ ಅದು ಇತಿಹಾಸದ ಪಾಠವಲ್ಲ, ವಕಾಲತ್ತು.

ಹೋಂವರ್ಕ್ ಒಂದೇ: ಪಾಠದ ಆ ವಾಕ್ಯವನ್ನು ಮತ್ತೆ ಬರೆಯಿರಿ. ಯಾವ ಸುಲ್ತಾನ, ಯಾವ ವರ್ಷ, ಅದಕ್ಕೆ ಮುಂಚೆ ಅವನು ಯಾರ ಜೊತೆಗಿದ್ದ, ಇದನ್ನು ನಮಗೆ ಹೇಳಿದವರು ಯಾರು. ಉತ್ತರ ಒಂದೂವರೆ ಪುಟವಾಗುತ್ತೆ. ಪರೀಕ್ಷೆಗೆ ಎರಡು ಮಾರ್ಕಿನ ಉತ್ತರ ಸಾಕಲ್ವಾ ಅಂತ ಪೋಷಕರು ಕೇಳ್ತಾರೆ. ಅದನ್ನೂ ಬರೆಸ್ತೀನಿ, ಕೊನೆಯ ಐದು ನಿಮಿಷದಲ್ಲಿ.