ಗಡಿಯಾರ ಮುಂದಿಟ್ಟರೆ ಹಗಲು ಹೆಚ್ಚುವುದೇ?

ಯುಗಾದಿಯ ದಿನ ಬೇವು–ಬೆಲ್ಲ ಹಂಚಿ, ಹೋಳಿಗೆ ಊಟ ಮುಗಿದ ಮೇಲೆ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ. ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು ಎಂದು ಪುರೋಹಿತರು ಓದುತ್ತಾ ಹೋಗುತ್ತಾರೆ. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳ ರೈತನಿಗೆ ಇವರಲ್ಲಿ ಯಾರ ಮೇಲೂ ಅಷ್ಟು ಆಸಕ್ತಿಯಿಲ್ಲ. ಮಳೆ ಎಷ್ಟು ಕೊಳಗ ಎನ್ನುವ ಮಾತು ಬಂದಾಗ ಮಾತ್ರ ಅವನ ಕಿವಿ ನೆಟ್ಟಗಾಗುತ್ತದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ವಸಂತದ ಈ ಪ್ರಶ್ನೆ ಬಹಳ ಹಳೆಯದು.

ಹೆಚ್ಚುಕಡಿಮೆ ಇದೇ ದಿನಗಳಲ್ಲಿ ದೂರದ ದೇಶಗಳಲ್ಲಿ ಇನ್ನೊಂದು ವಸಂತಾಚರಣೆ ನಡೆಯುತ್ತದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದವರು, ಕೊನೆಯ ಭಾನುವಾರ ಯುರೋಪಿನವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿ ನೆಲೆಸಿದ ಮಗನ ಫೋನು ಇಲ್ಲಿ ಒಂದು ಗಂಟೆ ಮೊದಲೇ ಬರತೊಡಗುತ್ತದೆ. ಇದಕ್ಕೆ ಡೇಲೈಟ್ ಸೇವಿಂಗ್ ಟೈಮ್, ಅಂದರೆ ಹಗಲ ಬೆಳಕನ್ನು ಉಳಿಸುವ ಸಮಯ ಎಂದು ಹೆಸರು. ಈ ಉಳಿತಾಯ ನಮಗೇಕೆ ಬೇಡವಾಯಿತು? ಉತ್ತರ ಹುಡುಕಲು ಲಂಡನ್ನಿಗಿಂತ ನಂದಿದುರ್ಗ ಗಣಿಯ ನೆರೆಹೊರೆ ಹೆಚ್ಚು ನೆರವಾಗುತ್ತದೆ.

ಕುದುರೆ ಸವಾರನ ಯೋಚನೆ

ಮೊದಲು ಈ ಪದ್ಧತಿಯ ಹುಟ್ಟು ತಿಳಿಯೋಣ. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ತಮಾಷೆಯ ಪತ್ರ ಬರೆದು, ಪ್ಯಾರಿಸ್ಸಿಗರು ಬೇಗ ಎದ್ದರೆ ಎಷ್ಟೋ ಮೇಣದಬತ್ತಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದ. ಗಡಿಯಾರ ತಿರುಗಿಸುವ ಮಾತು ಅದರಲ್ಲಿರಲಿಲ್ಲ. ಆ ಮಾತನ್ನು 1895ರಲ್ಲಿ ಎತ್ತಿದವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಕೀಟಗಳ ಅಧ್ಯಯನದಲ್ಲಿ ತೊಡಗಿದ್ದ ಅವನಿಗೆ ಸಂಜೆಯ ಕೆಲಸ ಮುಗಿದ ಮೇಲೂ ಬೆಳಕು ಬೇಕಿತ್ತು.

ಇದನ್ನು ಚಳವಳಿಯನ್ನಾಗಿ ಮಾಡಿದವನು ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್. ಬೇಸಿಗೆಯ ಮುಂಜಾನೆ ಕುದುರೆ ಏರಿ ಹೊರಟರೆ ಬಿಸಿಲು ಬಂದಿದ್ದರೂ ಮನೆಗಳ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. 1907ರಲ್ಲಿ ಅವನು ಕಿರುಹೊತ್ತಗೆ ಅಚ್ಚು ಹಾಕಿಸಿ, ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತು ಇಪ್ಪತ್ತು ನಿಮಿಷದಂತೆ ಗಡಿಯಾರ ಮುಂದಿಡಬೇಕೆಂದು ವಾದಿಸಿದ. ಬ್ರಿಟಿಷ್ ಪಾರ್ಲಿಮೆಂಟು ಒಪ್ಪಲಿಲ್ಲ. 1915ರಲ್ಲಿ ವಿಲೆಟ್ ತೀರಿಕೊಂಡ. ಮರುವರ್ಷವೇ, ಮೊದಲನೇ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲೆಂದು ಜರ್ಮನಿ 1916ರ ಏಪ್ರಿಲ್ 30ರಂದು ಗಡಿಯಾರ ಮುಂದಿಟ್ಟಿತು. ಮೂರೇ ವಾರದಲ್ಲಿ ಬ್ರಿಟನ್ ಅದನ್ನೇ ಅನುಸರಿಸಿತು. ಕುದುರೆ ಸವಾರನ ಮಾತಿಗೆ ಸಿಗದ ಬೆಲೆ ಕಲ್ಲಿದ್ದಲಿನ ಕೊರತೆಗೆ ಸಿಕ್ಕಿತು.

ನಮ್ಮ ಸೂರ್ಯನ ಲೆಕ್ಕ

ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇಲ್ಲ. ಗಡಿಯಾರ ತಿರುಗಿಸದಿದ್ದರೆ ಅಲ್ಲಿ ಜೂನ್‌ನಲ್ಲಿ ಬೆಳಗಿನ ನಾಲ್ಕಕ್ಕೆ ಮೊದಲೇ ಸೂರ್ಯೋದಯ. ಮಲಗಿರುವವರ ಪಾಲಿಗೆ ಆ ಬೆಳಕು ವ್ಯರ್ಥವೇ ಸರಿ.

ಕೋಲಾರದ ಗಣಿ ಪ್ರದೇಶ ಭೂಮಧ್ಯರೇಖೆಯಿಂದ ಕೇವಲ 13 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯ ಆಸುಪಾಸು. ಮೇ ಕೊನೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು 5 ಗಂಟೆ 50 ನಿಮಿಷಕ್ಕೆ, ಜನವರಿ ಕೊನೆಯಲ್ಲಿ ಸುಮಾರು 6 ಗಂಟೆ 43 ನಿಮಿಷಕ್ಕೆ. ವರ್ಷವಿಡೀ ಆಗುವ ಏರುಪೇರು ಒಂದು ಗಂಟೆಗೂ ಕಡಿಮೆ. ಇಂಥ ಕಡೆ ವಸಂತದಲ್ಲಿ ಗಡಿಯಾರ ಮುಂದಿಟ್ಟು ಶರತ್ಕಾಲದಲ್ಲಿ ಹಿಂದಿಡುವುದರಿಂದ ಸಿಗುವುದು ಗೊಂದಲ ಮಾತ್ರ.

ನಮ್ಮ ಹಿರಿಯರ ಲೆಕ್ಕದಲ್ಲಂತೂ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಂಚಾಂಗದ ದಿನ ಶುರುವಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯಕ್ಕೆ. ದಿನಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆ ಎಂದರೆ 24 ನಿಮಿಷ. ಸೂರ್ಯ ಬೇಗ ಹುಟ್ಟಿದರೆ ದಿನವೂ ಬೇಗ ಶುರು. ಆ ಗಡಿಯಾರವನ್ನು ಯಾರೂ ತಿರುಗಿಸಬೇಕಿಲ್ಲ. ಅದು ತಾನಾಗಿಯೇ ಸೂರ್ಯನ ಜತೆ ಹೊಂದಿಕೊಳ್ಳುತ್ತದೆ.

ರೈಲು ತಂದ ಗಂಟೆ

ಈ ಸೂರ್ಯನ ಗಡಿಯಾರವನ್ನು ಮೊದಲು ಅಲುಗಿಸಿದ್ದು ರೈಲು. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಹಳಿ ಬೆಂಗಳೂರು ದಂಡು ಪ್ರದೇಶ ಮುಟ್ಟಿದ್ದು 1864ರಲ್ಲಿ. ಆಗ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ಹೆಸರೇ ಇಂದಿನ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಅಂಟಿತು. 1894ರಲ್ಲಿ ಅಲ್ಲಿಂದ ಚಿನ್ನದ ಗಣಿಗಳಿಗೆ ಕವಲು ಮಾರ್ಗ ತೆರೆಯಿತು. ಆ ಕಾಲದಲ್ಲಿ ದೇಶದ ರೈಲುಗಳು ಓಡುತ್ತಿದ್ದುದು ಮದರಾಸು ವೀಕ್ಷಣಾಲಯದ ಸಮಯದ ಮೇಲೆ. ಗಣಿ ಪ್ರದೇಶದ ಸೂರ್ಯನಿಗಿಂತ ಅದು ಸುಮಾರು ಎಂಟು ನಿಮಿಷ ಮುಂದು.

1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಅದರ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ಎಲ್ಲರೂ ಇದನ್ನು ಮೆಚ್ಚಲಿಲ್ಲ. ಮುಂಬಯಿ ನಗರ ತನ್ನದೇ ಸಮಯವನ್ನು 1955ರವರೆಗೂ ಬಿಡಲಿಲ್ಲ. ಗಣಿ ಪ್ರದೇಶಕ್ಕಾದರೋ ಗಡಿಯಾರ ಮತ್ತಷ್ಟು ಮುಂದೆ ಹೋಗಿ, ಸೂರ್ಯನಿಗೂ ಅದಕ್ಕೂ ಇರುವ ಅಂತರ ಸುಮಾರು 17 ನಿಮಿಷವಾಯಿತು. ಅಂದರೆ ಸ್ವಲ್ಪ ಮಟ್ಟಿನ ‘ಉಳಿತಾಯ’ ನಮ್ಮ ಗಡಿಯಾರದಲ್ಲಿ ಅಂದಿನಿಂದಲೇ ಸೇರಿಕೊಂಡಿದೆ.

ನೆಲದಡಿ ದುಡಿಯುವವನಿಗೆ ಈ ನಿಮಿಷಗಳ ಗೊಡವೆ ಇರಲಿಲ್ಲ. ನಂದಿದುರ್ಗ, ಉರಿಗಾಂ, ಮೈಸೂರು, ಚಾಂಪಿಯನ್ ರೀಫ್ ಗಣಿಗಳಲ್ಲಿ ಹೊತ್ತು ತಿಳಿಸುತ್ತಿದ್ದುದು ಪಾಳಿ ಮತ್ತು ಸೈರನ್. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆ ಆಳದಲ್ಲಿ ವಸಂತವೂ ಇಲ್ಲ, ಹಗಲೂ ಇಲ್ಲ. ಉಳಿಸಬೇಕಾದ ಬೆಳಕೆಂದರೆ ದೀಪದ ಬೆಳಕೊಂದೇ.

ಕಾವೇರಿಯಿಂದ ಬಂದ ಬೆಳಕು

ಆ ದೀಪದ ಕಥೆಯಲ್ಲೇ ಮಳೆ ಮತ್ತೆ ಬರುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಅದು ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್‌ನಲ್ಲಿ.

ಆದರೆ ಬೇಸಿಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು. ನೀರು ಇಳಿದರೆ ವಿದ್ಯುತ್ ಇಳಿಯುತ್ತದೆ. ವಿದ್ಯುತ್ ಇಳಿದರೆ ಗಣಿಯ ಯಂತ್ರ ನಿಲ್ಲುತ್ತದೆ. ಗಣಿಗಳಿಗೆ ವರ್ಷವಿಡೀ ವಿದ್ಯುತ್ ಒದಗಿಸಬೇಕೆಂಬುದು ಕನ್ನಂಬಾಡಿ ಕಟ್ಟೆಗೆ ಮುಂದಿಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ, 1911ರಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಜರ್ಮನಿಯವರು ಬೆಳಕು ಉಳಿಸಲು ಗಡಿಯಾರ ತಿರುಗಿಸಿದರೆ, ಮೈಸೂರಿನವರು ನೀರು ನಿಲ್ಲಿಸಿದರು.

ಮಳೆಯನ್ನೇ ನಂಬಿದ ಮೇಲೆ ಅದು ಯಾವಾಗ ಬರುತ್ತದೆ ಎಂದು ಮೊದಲೇ ತಿಳಿಯುವ ಅಗತ್ಯವೂ ಹುಟ್ಟುತ್ತದೆ. ಈ ದೇಶದಲ್ಲಿ ಆ ವಿದ್ಯೆ ಬೆಳೆದದ್ದು ಸಾವುಗಳ ನೆರಳಿನಲ್ಲಿ. ಭಾರತ ಹವಾಮಾನ ಇಲಾಖೆ 1875ರಲ್ಲಿ ಆರಂಭವಾಯಿತು. ಮರುವರ್ಷವೇ ಧಾತು–ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಮೈಸೂರು ಸಂಸ್ಥಾನವನ್ನು ಹಿಂಡಿತು. ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ ಹಿಮಾಲಯದ ವಸಂತದ ಹಿಮಕ್ಕೂ ಮುಂಗಾರಿಗೂ ನಂಟಿದೆ ಎಂದು ಗಮನಿಸಿ, 1886ರಿಂದ ವರ್ಷವರ್ಷವೂ ಮುನ್ಸೂಚನೆ ಕೊಡತೊಡಗಿದ. 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಬೆಂಗಳೂರಿನ ವೀಕ್ಷಣಾಲಯವನ್ನು ನಡೆಸಿ ಸಂಸ್ಥಾನದ ಮಳೆ ಲೆಕ್ಕಕ್ಕೆ ಒಂದು ಶಿಸ್ತು ತಂದರು. 1904ರಿಂದ 1924ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್, ನಮ್ಮ ಮುಂಗಾರಿನ ಬೇರು ಪೆಸಿಫಿಕ್ ಸಾಗರದವರೆಗೂ ಚಾಚಿದೆ ಎಂದು ತೋರಿಸಿಕೊಟ್ಟರು. ಇಂದಿಗೂ ಮುಂಗಾರಿನ ಮೊದಲ ಮುನ್ಸೂಚನೆ ಹೊರಬೀಳುವುದು ಏಪ್ರಿಲ್ ಮಧ್ಯದಲ್ಲಿ, ಪಂಚಾಂಗ ಶ್ರವಣದ ಹಿಂದೆಯೇ.

ಯುದ್ಧದ ಗಡಿಯಾರ, ಬರದ ಗಡಿಯಾರ

ಭಾರತ ಎಂದೂ ಗಡಿಯಾರ ತಿರುಗಿಸಿಯೇ ಇಲ್ಲ ಎನ್ನುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ದೇಶದ ಸಮಯವನ್ನು ಒಂದು ಗಂಟೆ ಮುಂದಿಡಲಾಗಿತ್ತು. ಬೇಸಿಗೆ, ಚಳಿಗಾಲ ಎಂಬ ಭೇದ ಅದಕ್ಕಿರಲಿಲ್ಲ. ಆ ಲೆಕ್ಕದಲ್ಲಿ ಜನವರಿ ಕೊನೆಗೆ ಕೋಲಾರ ಸೀಮೆಯ ಸೂರ್ಯೋದಯ ಏಳೂಮುಕ್ಕಾಲರ ಹತ್ತಿರ. ಯುದ್ಧ ಮುಗಿಯುತ್ತಲೇ ಸರ್ಕಾರ ಅದನ್ನು ಕೈಬಿಟ್ಟಿತು.

ನಮ್ಮಂತೆಯೇ ಭೂಮಧ್ಯರೇಖೆಗೆ ಹತ್ತಿರವಿರುವ ಶ್ರೀಲಂಕಾದ ಅನುಭವ ಇನ್ನೂ ಪಾಠದಂತಿದೆ. 1996ರಲ್ಲಿ ಅಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬತ್ತಿದವು, ವಿದ್ಯುತ್ತಿಗೆ ಹಾಹಾಕಾರವಾಯಿತು. ಸರ್ಕಾರ ಮೇ ತಿಂಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು, ಅಕ್ಟೋಬರಿನಲ್ಲಿ ಅರ್ಧ ಗಂಟೆ ಹಿಂದಕ್ಕೆ ತಂದಿತು. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಬೇಕಾಗಿದೆ ಎಂದು ತಂದೆತಾಯಂದಿರು ದೂರಿದರು. ಕೊನೆಗೆ 2006ರ ಏಪ್ರಿಲ್‌ನಲ್ಲಿ, ಸಿಂಹಳ–ತಮಿಳು ಹೊಸ ವರ್ಷದ ಬೆನ್ನಿಗೇ, ಶ್ರೀಲಂಕಾ ಭಾರತದ ಸಮಯಕ್ಕೇ ಮರಳಿತು. 2009ರಲ್ಲಿ ಬಾಂಗ್ಲಾದೇಶವೂ ಗಡಿಯಾರ ಮುಂದಿಟ್ಟು, ಅದೇ ವರ್ಷದ ಕೊನೆಗೆ ಬಿಟ್ಟುಬಿಟ್ಟಿತು.

ಅರ್ಧ ಗಂಟೆಯ ಬೆಲೆ

ಚರ್ಚೆ ಇಲ್ಲಿಗೇ ಮುಗಿಯುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೇನ್‌ಗುಪ್ತ ಒಂದು ಸಲಹೆ ಮುಂದಿಟ್ಟಿದ್ದಾರೆ. ವರ್ಷಕ್ಕೆರಡು ಸಲ ತಿರುಗಿಸುವುದು ಬೇಡ, ದೇಶಕ್ಕೆ ಎರಡು ಸಮಯವೂ ಬೇಡ. ಭಾರತದ ಗಡಿಯಾರವನ್ನು ಶಾಶ್ವತವಾಗಿ ಅರ್ಧ ಗಂಟೆ ಮುಂದಿಟ್ಟರೆ ಸಾಕು ಎಂಬುದು ಅವರ ವಾದ. ಸಂಜೆ ಎಲ್ಲರೂ ಒಮ್ಮೆಗೇ ದೀಪ ಹಾಕುವ ಹೊತ್ತಿನ ಒತ್ತಡ ಇಳಿದು, ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಹೆಚ್ಚು ವಿದ್ಯುತ್ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ.

ಲೆಕ್ಕ ಸಣ್ಣದಲ್ಲ, ತಳ್ಳಿಹಾಕುವಂಥದೂ ಅಲ್ಲ. ಆದರೆ ಅದನ್ನು ಬಂಗಾರಪೇಟೆ ನಿಲ್ದಾಣದಲ್ಲಿ ನಿಂತು ಇನ್ನೊಮ್ಮೆ ನೋಡಬೇಕು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಸೈರನ್ ನಿಂತಿತು, ಅದರ ಜಾಗಕ್ಕೆ ರೈಲಿನ ವೇಳಾಪಟ್ಟಿ ಬಂತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನವೂ ಸಾವಿರಾರು ಮಂದಿ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಸುಕಿನ ರೈಲು ಹಿಡಿಯುವವರು ಮನೆ ಬಿಡುವಾಗ ಈಗಲೂ ಕತ್ತಲೆಯೇ. ಅರ್ಧ ಗಂಟೆ ಮುಂದಿಟ್ಟರೆ ಜನವರಿಯ ಸೂರ್ಯೋದಯ ಏಳೂಕಾಲಿಗೆ ಸರಿಯುತ್ತದೆ. ಸಂಜೆ ಬೆಂಗಳೂರಿನ ಕಚೇರಿಯವರಿಗೆ ಉಳಿದ ಬೆಳಕು, ಬೆಳಗ್ಗೆ ನಿಲ್ದಾಣಕ್ಕೆ ಒಬ್ಬಳೇ ನಡೆದು ಬರುವ ಹೆಣ್ಣುಮಗಳ ದಾರಿಯಿಂದ ಕಳೆದ ಬೆಳಕಾಗಿರುತ್ತದೆ.

ಗಡಿಯಾರ ಬೆಳಕನ್ನು ಹುಟ್ಟಿಸಲಾರದು. ಒಬ್ಬರ ಬೆಳಗಿನಿಂದ ತೆಗೆದು ಇನ್ನೊಬ್ಬರ ಸಂಜೆಗೆ ಕೊಡಬಲ್ಲದು, ಅಷ್ಟೆ. ಕೊಡುವವರು ಯಾರು, ಪಡೆಯುವವರು ಯಾರು ಎಂದು ಕೇಳಿದ ಮೇಲೆಯೇ ಅದನ್ನು ಮುಟ್ಟುವುದು ಒಳ್ಳೆಯದು.

ಹವಾಮಾನ ಇಲಾಖೆಯವರು ಬೆಳಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ, ಹಿಂದಿನ 24 ಗಂಟೆಯ ಮಳೆ ಬರೆದುಕೊಳ್ಳುತ್ತಾರೆ. ಅದು ಗ್ರೀನಿಚ್‌ನ ಮೂರು ಗಂಟೆ. ನಾವು ಗಡಿಯಾರವನ್ನು ಹೇಗೆ ತಿರುಗಿಸಿದರೂ ಮಳೆಮಾಪಕದೊಳಗಿನ ನೀರು ಹನಿಯಷ್ಟೂ ಹೆಚ್ಚುವುದಿಲ್ಲ. ಕಾವೇರಿಯ ನೀರಿನಿಂದ ದೀಪ ಹಚ್ಚಿ, ಆ ನೀರನ್ನು ಕಾಯಲು ಕಟ್ಟೆ ಕಟ್ಟಿದ ನಾಡಿಗೆ ಈ ಮಾತು ಹೊಸದಲ್ಲ. ಪಂಚಾಂಗದ ಮುಂದೆ ಕೂತ ಕೋಲಾರದ ರೈತ ಗಂಟೆ ಎಷ್ಟಾಯಿತೆಂದು ಕೇಳದೆ, ಮಳೆ ಎಷ್ಟು ಕೊಳಗ ಎಂದು ಕೇಳುವುದು ಸುಮ್ಮನೆ ಅಲ್ಲ.